ಎಂಗಿಸ್ ಗುಹೆಯ ಎರಡು ಬುರುಡೆಗಳು

ಬೆಲ್ಜಿಯಂನ ಲಿಯೇಜ್ ನಗರದ ಹತ್ತಿರ, ಮ್ಯೂಸ್ ನದಿಯ ದಂಡೆಯಲ್ಲಿ, ಎಂಗಿಸ್ ಅಂತ ಒಂದು ಊರಿದೆ. ಅಲ್ಲಿಯ ಗುಹೆಯೊಂದರಲ್ಲಿ ಸುಮಾರು ಇನ್ನೂರು ವರ್ಷಗಳ ಹಿಂದೆ ಒಬ್ಬ ಡಾಕ್ಟರಿಗೆ ಮನುಷ್ಯರ ಎರಡು ತಲೆಬುರುಡೆ ಸಿಕ್ಕವು. ಒಂದು ದೊಡ್ಡವರದ್ದು. ಮುಖದ ಭಾಗ ಹೋಗಿತ್ತು, ಮೇಲಿನ ಚಿಪ್ಪು ಮಾತ್ರ ಚೆನ್ನಾಗಿಯೇ ಉಳಿದಿತ್ತು. ಇನ್ನೊಂದು ಪುಟ್ಟ ಮಗುವಿನದ್ದು. ಮಣ್ಣಿನೊಳಗೆ ಇಡಿಯಾಗಿತ್ತು, ಹೊರಗೆ ತೆಗೆಯುವಾಗ ಚೂರುಚೂರಾಯಿತು.

ಡಾಕ್ಟರ ಹೆಸರು ಫಿಲಿಪ್ ಶಾರ್ಲ್ ಶ್ಮೆರ್ಲಿಂಗ್. ದೊಡ್ಡ ಬುರುಡೆಯ ಸುತ್ತ ಖಡ್ಗಮೃಗ, ಕತ್ತೆಕಿರುಬ, ಕರಡಿ, ಕುದುರೆಗಳ ಹಲ್ಲುಗಳಿದ್ದವು. ಮಗುವಿನ ಬುರುಡೆಯ ಪಕ್ಕದಲ್ಲೇ ಮ್ಯಾಮತ್ ಆನೆಯ ಹಲ್ಲು. ಇದನ್ನೆಲ್ಲ ನೋಡಿ ಅವರು ಒಂದು ತೀರ್ಮಾನಕ್ಕೆ ಬಂದರು: ಈಗ ಅಳಿದುಹೋಗಿರುವ ಈ ಪ್ರಾಣಿಗಳು ಬದುಕಿದ್ದಾಗ ಇದೇ ನಾಡಿನಲ್ಲಿ ಮನುಷ್ಯನೂ ಇದ್ದ. ಅವತ್ತಿನ ದೊಡ್ಡ ದೊಡ್ಡ ವಿದ್ವಾಂಸರು ಯಾರೂ ಇದನ್ನು ಒಪ್ಪಲಿಲ್ಲ.

ಇವತ್ತು ನಮಗೆ ಗೊತ್ತು, ಶ್ಮೆರ್ಲಿಂಗ್ ಹೇಳಿದ್ದು ಸರಿ. ಆದರೆ ಕಥೆ ಇಷ್ಟಕ್ಕೇ ಮುಗಿದಿದ್ದರೆ ಇದು "ಜಗತ್ತು ಗುರುತಿಸದ ಪ್ರತಿಭೆ" ಅನ್ನೋ ಮಾಮೂಲಿ ಕಥೆಯಾಗುತ್ತಿತ್ತು. ಇಲ್ಲಿ ಒಂದು ತಿರುವು ಇದೆ. ಮುಂದೆ ಹೆಸರು ಮಾಡಿದ್ದು ಆ ದೊಡ್ಡವರ ಬುರುಡೆ. ಅದು ಅಷ್ಟು ಹಳೆಯದೇ ಅಲ್ಲ, ಬಹಳ ಈಚಿನದು. ಯಾರೂ ಹೆಚ್ಚಾಗಿ ತಿರುಗಿ ನೋಡದೆ ಬಿಟ್ಟ ಮಗುವಿನ ಚೂರುಗಳೇ ನಿಜವಾದ ಸಾಕ್ಷಿ. ಅಂದರೆ ಶ್ಮೆರ್ಲಿಂಗ್ ಗೆದ್ದರು, ಅವರ ಮೇಲೆ ಅನುಮಾನ ಪಟ್ಟವರು ಪೂರ್ತಿ ಸೋಲಲೂ ಇಲ್ಲ. ಇದು ಹೇಗೆ ಸಾಧ್ಯ ಅಂತ ತಿಳಿಯಬೇಕಾದರೆ, ಗುಹೆಯೊಳಗಿನ ಮಣ್ಣು ಹೇಗೆ ಸೇರುತ್ತದೆ, ಅದು ಯಾವಾಗ ಮೋಸ ಮಾಡುತ್ತದೆ ಅನ್ನೋದು ಗೊತ್ತಿರಬೇಕು.

ಮೊದಲು ಡಾಕ್ಟರ ವಿಷಯ. ಶ್ಮೆರ್ಲಿಂಗ್ ಹುಟ್ಟಿದ್ದು ನೆದರ್ಲೆಂಡ್ಸಿನ ಡೆಲ್ಫ್ಟ್‌ನಲ್ಲಿ. ಡಚ್ ಸೈನ್ಯದಲ್ಲಿ ಕೆಲವು ಕಾಲ ವೈದ್ಯರಾಗಿದ್ದರು. 1820ರ ದಶಕದಲ್ಲಿ ಲಿಯೇಜ್‌ಗೆ ಬಂದು ನೆಲೆಸಿದರು, ಅಲ್ಲೇ ವೈದ್ಯ ಪದವಿ ಮುಗಿಸಿ ಪ್ರಾಕ್ಟೀಸ್ ಮಾಡಿಕೊಂಡಿದ್ದರು. ಆಗ ಬೆಲ್ಜಿಯಂ ಅನ್ನೋ ದೇಶವೇ ಇರಲಿಲ್ಲ. ಅದು ನೆದರ್ಲೆಂಡ್ಸಿನಿಂದ ಬೇರೆಯಾಗಿದ್ದು 1830ರಲ್ಲಿ. ಲಿಯೇಜ್ ಸುತ್ತಮುತ್ತ ಸುಣ್ಣಕಲ್ಲಿನ ಬೆಟ್ಟಗಳು ಜಾಸ್ತಿ. ಕಲ್ಲು ಒಡೆಯುವ ಕ್ವಾರಿಗಳೂ ಜಾಸ್ತಿ. 1829ರಲ್ಲಿ ಶೋಕಿಯೆ ಅನ್ನೋ ಊರಲ್ಲಿ ಒಬ್ಬ ಕ್ವಾರಿ ಕೆಲಸಗಾರನ ಮನೆಗೆ ಹೋದಾಗ, ಅವನ ಮಕ್ಕಳು ಎಂಥದೋ ವಿಚಿತ್ರ ಮೂಳೆಗಳನ್ನು ಇಟ್ಟುಕೊಂಡು ಆಡುತ್ತಿದ್ದುದನ್ನು ಅವರು ನೋಡಿದರಂತೆ. ಮೂಳೆ ಎಲ್ಲಿಂದ ಬಂತು ಅಂತ ಕೇಳಿದರೆ, ಕ್ವಾರಿಯಲ್ಲಿ ಬಾಯಿಬಿಟ್ಟ ಒಂದು ಗುಹೆಯಿಂದ. ಅಲ್ಲಿಂದ ಶುರುವಾಯಿತು.

ಮುಂದಿನ ನಾಲ್ಕೈದು ವರ್ಷಗಳಲ್ಲಿ ಅವರು ಮ್ಯೂಸ್ ನದಿ ಮತ್ತು ಅದರ ಉಪನದಿಗಳ ಕಣಿವೆಯಲ್ಲಿ ನಲವತ್ತಕ್ಕಿಂತ ಹೆಚ್ಚು ಗುಹೆಗಳನ್ನು ಹೊಕ್ಕು ನೋಡಿದರು. ಟಾರ್ಚು, ಹೆಲ್ಮೆಟ್ಟು, ಮೆಟಲ್ ಏಣಿ ಯಾವುದೂ ಇಲ್ಲದ ಕಾಲ. ಎಂಗಿಸ್ ಗುಹೆಗೆ ಇಳಿಯಬೇಕೆಂದರೆ ಮೇಲಿನ ಮರಕ್ಕೆ ಹಗ್ಗ ಕಟ್ಟಿ, ಅದನ್ನು ಹಿಡಿದು ಬಂಡೆಯ ಮೇಲಿಂದ ಜಾರಬೇಕಿತ್ತು. ಆಮೇಲೆ ಕೈ ಮಂಡಿ ಊರಿ ಇಕ್ಕಟ್ಟಿನ ಸಂದಿಯಲ್ಲಿ ತೆವಳಬೇಕು. ಒಳಗೆ ಪಂಜಿನ ಬೆಳಕಲ್ಲಿ, ಕಾಲು ಕೆಸರಲ್ಲಿ, ತಲೆ ಮೇಲೆ ನೀರು ತೊಟ್ಟಿಕ್ಕುತ್ತಿರುವಾಗ, ಗಂಟೆಗಟ್ಟಲೆ ನಿಂತು ಆಳುಗಳಿಂದ ಕಲ್ಲಿನಂಥ ನೆಲವನ್ನು ಒಡೆಸಬೇಕು. ಬರೀ ಒಡೆಸಿದರೆ ಸಾಲದು. ಯಾವ ಮೂಳೆ ಎಲ್ಲಿತ್ತು, ಎಷ್ಟು ಆಳದಲ್ಲಿತ್ತು ಅಂತ ಬರೆದುಕೊಳ್ಳಬೇಕು. ಇದನ್ನೆಲ್ಲ ಬರೆದಿಟ್ಟವರು ಇಂಗ್ಲೆಂಡಿನ ಭೂವಿಜ್ಞಾನಿ ಚಾರ್ಲ್ಸ್ ಲಯಲ್. ಈ ಲಯಲ್ ಹೆಸರು ನೆನಪಿಡಿ, ಅವರು ಈ ಕಥೆಯಲ್ಲಿ ಎರಡು ಸಲ ಬರುತ್ತಾರೆ.

ಆ ಕಾಲದಲ್ಲಿ ಹೀಗೆ ಗುಹೆಗೆ ಇಳಿದವರಲ್ಲಿ ವೃತ್ತಿಯಿಂದ ವಿಜ್ಞಾನಿಗಳಾಗಿದ್ದವರು ಕಮ್ಮಿ. ದಕ್ಷಿಣ ಫ್ರಾನ್ಸಿನ ಗುಹೆಗಳಲ್ಲಿ ಅಗೆದ ಪಾಲ್ ಟೂರ್ನಾಲ್ ಔಷಧಿ ಅಂಗಡಿಯವರು. ಇಂಗ್ಲೆಂಡಿನ ಕೆಂಟ್ಸ್ ಗುಹೆಯಲ್ಲಿ ಅಗೆದ ಜಾನ್ ಮೆಕನರಿ ಕ್ಯಾಥೊಲಿಕ್ ಪಾದ್ರಿ. ಇಬ್ಬರಿಗೂ ಅಳಿದ ಪ್ರಾಣಿಗಳ ಜತೆ ಮನುಷ್ಯನ ಗುರುತು ಸಿಕ್ಕಿತ್ತು. ಇಬ್ಬರ ಮಾತೂ ನಡೆಯಲಿಲ್ಲ. ಊರಿನ ಡಾಕ್ಟರು, ಔಷಧಿಯವರು, ಪಾದ್ರಿಗಳಿಗೆ ಸುತ್ತಲ ಹಳ್ಳಿಗಳ ಪರಿಚಯ ಇತ್ತು, ಓದು ಇತ್ತು, ಸ್ವಲ್ಪ ಬಿಡುವೂ ಇತ್ತು. ರಾಜಧಾನಿಯ ವಿದ್ವತ್ ಸಭೆಗಳಲ್ಲಿ ಮಾತ್ರ ಅವರ ಮಾತಿಗೆ ತೂಕ ಇರಲಿಲ್ಲ.

ಹಾಗಾದರೆ ಸಭೆಗಳಲ್ಲಿ ಕೂತವರು ಏನು ನಂಬಿದ್ದರು? ಪ್ಯಾರಿಸ್ಸಿನ ಜಾರ್ಜ್ ಕ್ಯುವಿಯೆ ಅವತ್ತಿನ ಮಟ್ಟಿಗೆ ಪಳೆಯುಳಿಕೆ ವಿಜ್ಞಾನದ ಕೊನೆಯ ಮಾತು. ಮ್ಯಾಮತ್‌ನಂಥ ಪ್ರಾಣಿಗಳು ನಿಜವಾಗಿಯೂ ಅಳಿದುಹೋಗಿವೆ ಅಂತ ತೋರಿಸಿಕೊಟ್ಟವರೇ ಅವರು. ಆದರೆ ಅಂಥ ಪ್ರಾಣಿಗಳ ಕಾಲದ ಮನುಷ್ಯನ ಮೂಳೆ ಒಂದೂ ಸಿಕ್ಕಿಲ್ಲ ಅನ್ನುವುದು ಅವರ ನಿಲುವಾಗಿತ್ತು. ಆಕ್ಸ್‌ಫರ್ಡಿನ ವಿಲಿಯಂ ಬಕ್ಲೆಂಡ್ ಸ್ವತಃ ಗುಹೆಗಳಲ್ಲಿ ಅಗೆದವರು. 1823ರಲ್ಲಿ ವೇಲ್ಸಿನ ಪ್ಯಾವಿಲ್ಯಾಂಡ್ ಗುಹೆಯಲ್ಲಿ ಕೆಂಪು ಮಣ್ಣು ಬಳಿದ ಒಂದು ಅಸ್ಥಿಪಂಜರ ಅವರಿಗೆ ಸಿಕ್ಕಿತು. ಅವರು ಅದನ್ನು ರೋಮನ್ನರ ಕಾಲದ ಒಬ್ಬ ಹೆಂಗಸಿನದು ಅಂದರು. ಈಗ ತಿಳಿದಿರುವಂತೆ ಅದು ಗಂಡಸಿನದು, ವಯಸ್ಸು 30,000 ವರ್ಷಕ್ಕೂ ಹೆಚ್ಚು. ಕೈಯಲ್ಲಿ ಸಾಕ್ಷಿ ಇದ್ದರೂ ಬಕ್ಲೆಂಡ್‌ಗೆ ಕಾಣಲಿಲ್ಲ.

ಇದು ಬರೀ ಬೈಬಲ್ ನಂಬಿಕೆಯ ಸಮಸ್ಯೆ ಅಂತ ಸುಮ್ನೆ ಹೇಳಿಬಿಡುವುದು ಸುಲಭ. ಪೂರ್ತಿ ನ್ಯಾಯ ಅಲ್ಲ. ಭೂಮಿ ತುಂಬಾ ಹಳೆಯದು ಅನ್ನುವುದನ್ನು ಕ್ಯುವಿಯೆ, ಬಕ್ಲೆಂಡ್, ಲಯಲ್ ಎಲ್ಲರೂ ಒಪ್ಪಿದ್ದರು. ಅವರ ಆಕ್ಷೇಪಣೆಯಲ್ಲಿ ಒಂದು ಗಟ್ಟಿ ಅಂಶ ಇತ್ತು. ಅದು ಗುಹೆಯ ಮಣ್ಣಿನ ಬಗ್ಗೆ.

ಗಾಳಿಯಲ್ಲೂ ಮಣ್ಣಲ್ಲೂ ಇರುವ ಕಾರ್ಬನ್ ಡೈಆಕ್ಸೈಡ್ ಮಳೆನೀರಿಗೆ ಸೇರಿ, ನೀರು ತುಸು ಆಮ್ಲವಾಗುತ್ತದೆ. ಅದು ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿಯುತ್ತ ಕಲ್ಲನ್ನು ನಿಧಾನವಾಗಿ ಕರಗಿಸುತ್ತದೆ. ಲಕ್ಷಾಂತರ ವರ್ಷಗಳಲ್ಲಿ ಬಿರುಕು ಅಗಲವಾಗಿ ಗುಹೆಯಾಗುತ್ತದೆ. ಕರಗಿದ ಸುಣ್ಣ ಹೊತ್ತ ನೀರು ಗುಹೆಯ ಚಾವಣಿಯಿಂದ ತೊಟ್ಟಿಕ್ಕಿದಾಗ ಸುಣ್ಣ ಮತ್ತೆ ಗಟ್ಟಿಯಾಗಿ ನೆಲದ ಮೇಲೆ ಪದರವಾಗಿ ಕೂರುತ್ತದೆ. ಇದು ಅಮೃತಶಿಲೆಯಷ್ಟು ಗಟ್ಟಿ. ಕೆಲವು ಕಡೆ ಇದೇ ಸುಣ್ಣ ಮಣ್ಣು, ಕಲ್ಲುಚೂರು, ಮೂಳೆಚೂರುಗಳನ್ನು ಅಂಟಿಸಿ ಕಾಂಕ್ರೀಟಿನಂಥ ಗಟ್ಟಿಯಾಗಿ ಮಾಡುತ್ತದೆ. ಮೂಳೆ ಹುಡುಕುವವರಿಗೆ ಇಂಥ ಪದರ ದೇವರು ಕೊಟ್ಟ ವರ. ಅದು ಒಡೆಯದೆ ಇದ್ದರೆ ಅದರ ಕೆಳಗಿರುವುದೆಲ್ಲ ಅದಕ್ಕಿಂತ ಹಳೆಯದು ಅಂತ ಧೈರ್ಯವಾಗಿ ಹೇಳಬಹುದು. ಸುಣ್ಣದ ಮಣ್ಣಿನಲ್ಲಿ ಮೂಳೆ ಬೇಗ ಕೊಳೆಯುವುದೂ ಇಲ್ಲ.

ಆದರೆ ಎಲ್ಲ ಕಡೆ ಪದರ ಇರುವುದಿಲ್ಲ. ಇದ್ದ ಕಡೆಯೂ ಅಲ್ಲಲ್ಲಿ ಒಡೆದಿರುತ್ತದೆ. ನರಿ, ಬ್ಯಾಜರ್‌ನಂಥ ಪ್ರಾಣಿಗಳು ಬಿಲ ತೋಡುತ್ತವೆ. ನೀರು ನುಗ್ಗಿ ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಮಾಡುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಮನುಷ್ಯರು ಗುಹೆಯಲ್ಲಿ ಹೆಣ ಹೂಳುತ್ತಾರೆ. ನಮ್ಮ ಬಯಲುಸೀಮೆಯ ಹಗೇವು ನೆನಪಿದೆಯಾ? ಜೋಳ ತುಂಬಿಡಲು ನೆಲದಲ್ಲಿ ಆಳವಾಗಿ ತೋಡುತ್ತಿದ್ದ ಗುಂಡಿ. ಈ ವರ್ಷದ ಜೋಳ ಹಗೇವಿನ ತಳದಲ್ಲಿ ಕೂತಿರುತ್ತದೆ, ಅದರ ಪಕ್ಕದ ಮಣ್ಣು ಮಾತ್ರ ಸಾವಿರಾರು ವರ್ಷ ಹಳೆಯದು. ಬಾಯಿ ಮುಚ್ಚಿ ಮೇಲೆ ಮಣ್ಣು ಎಳೆದು, ಕೆಲವು ನೂರು ವರ್ಷ ಕಳೆದರೆ, ಅಲ್ಲೊಂದು ಗುಂಡಿ ಇತ್ತು ಅನ್ನೋದೇ ಕಾಣದಂತಾಗಬಹುದು. ಆಗ ಅಗೆದವನಿಗೆ ಜೋಳವೂ ಹಳೆಯ ಮಣ್ಣೂ ಒಂದೇ ಕಾಲದ್ದು ಅನ್ನಿಸುತ್ತದೆ. ಗುಹೆಯಲ್ಲಿ ಹೂತ ಹೆಣವೂ ಹೀಗೇ. 4,000 ವರ್ಷ ಹಿಂದಿನ ಮನುಷ್ಯ 40,000 ವರ್ಷ ಹಿಂದಿನ ಕರಡಿಯ ಪಕ್ಕ ಮಲಗಿರಬಹುದು.

ಬಕ್ಲೆಂಡ್ ತರದವರ ವಾದ ಇದೇ ಆಗಿತ್ತು. ಗುಹೆಯಲ್ಲಿ ಪಕ್ಕಪಕ್ಕ ಸಿಕ್ಕ ಮಾತ್ರಕ್ಕೆ ಒಟ್ಟಿಗೆ ಬದುಕಿದ್ದವು ಅಂತ ಹೇಳಲಾಗದು. ತಪ್ಪೇನಿಲ್ಲ, ಅಲ್ವಾ?

ಶ್ಮೆರ್ಲಿಂಗ್‌ಗೂ ಇದು ಗೊತ್ತಿತ್ತು. ಅದಕ್ಕೇ ಅವರು ಪಕ್ಕಪಕ್ಕ ಸಿಕ್ಕವು ಅನ್ನೋದರ ಮೇಲೆ ಮಾತ್ರ ನಿಲ್ಲಲಿಲ್ಲ. ದೊಡ್ಡ ಬುರುಡೆ ಸಿಕ್ಕ ಜಾಗವನ್ನು ಅವರು ವಿವರವಾಗಿ ಬರೆದಿದ್ದಾರೆ. ಒಂದೂವರೆ ಮೀಟರ್ ಆಳ. ಅದರ ಮೇಲೆ ಚಿಕ್ಕ ಪ್ರಾಣಿಗಳ ಮೂಳೆಗಳು ಸುಣ್ಣದಲ್ಲಿ ಅಂಟಿ ಗಟ್ಟಿಯಾಗಿದ್ದ ಪದರ, ಅದರೊಳಗೆ ಖಡ್ಗಮೃಗದ ಹಲ್ಲು. ಬುರುಡೆ ಇದ್ದ ಮಣ್ಣನ್ನು ಯಾರೂ ಕೆದಕಿದ ಗುರುತಿಲ್ಲ. ಆಮೇಲೆ ಮೂಳೆಗಳನ್ನೇ ಹೋಲಿಸಿದರು. ಮನುಷ್ಯನ ಮೂಳೆಯ ಬಣ್ಣ ಪ್ರಾಣಿಗಳ ಮೂಳೆಯ ಬಣ್ಣದ್ದೇ. ಎರಡೂ ಅಷ್ಟೇ ಪುಡಿಪುಡಿ. ಎರಡರಲ್ಲೂ ಮೂಳೆಯ ಜೀವದ್ರವ್ಯ ಅಷ್ಟೇ ಪ್ರಮಾಣದಲ್ಲಿ ಹೋಗಿದೆ.

ಈ ಕೊನೆಯ ಮಾತನ್ನು ಸ್ವಲ್ಪ ಬಿಡಿಸಬೇಕು. ಮೂಳೆ ಅಂದರೆ ಸುಣ್ಣದಂಥ ಖನಿಜ ಮತ್ತು ಕೊಲಾಜೆನ್ ಅನ್ನೋ ಪ್ರೋಟೀನು ಸೇರಿದ್ದು. ಮಣ್ಣಿನಲ್ಲಿ ಕಾಲ ಕಳೆದಂತೆ ಕೊಲಾಜೆನ್ ಹೋಗಿ, ಖನಿಜದಲ್ಲಿ ಸಣ್ಣ ಸಣ್ಣ ತೂತುಗಳು ಉಳಿಯುತ್ತವೆ. ಅಂಥ ಮೂಳೆಯನ್ನು ಒದ್ದೆ ನಾಲಿಗೆಗೆ ಇಟ್ಟರೆ ಅದು ತೇವವನ್ನು ಹೀರಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಹೊಸ ಮೂಳೆ ಅಂಟುವುದಿಲ್ಲ. ಆ ಕಾಲದ ವಿದ್ವಾಂಸರು ಇದನ್ನು ಪರೀಕ್ಷೆಯಾಗಿಯೇ ಬಳಸುತ್ತಿದ್ದರು, ಬಕ್ಲೆಂಡ್ ಅಂತೂ ಇದರಲ್ಲಿ ಪ್ರಸಿದ್ಧರು. ಕೋಟು ಹಾಕಿದ ಪ್ರೊಫೆಸರು ಕರಡಿ ಮೂಳೆ ನೆಕ್ಕುತ್ತ ನಿಂತಿರುವುದನ್ನು ಊಹಿಸಿಕೊಳ್ಳಿ! ಈಗಲೂ ಬಯಲಿನಲ್ಲಿ ಪಳೆಯುಳಿಕೆ ಹುಡುಕುವವರು, ಇದು ಕಲ್ಲೋ ಮೂಳೆಯೋ ಅಂತ ಅನುಮಾನ ಬಂದರೆ ನಾಲಿಗೆಗೆ ತಾಗಿಸಿ ನೋಡುವುದುಂಟು.

ಆದರೆ ಬಣ್ಣ, ನಾಲಿಗೆ ಎರಡೂ ಒರಟು ಅಳತೆ. ಕೊಲಾಜೆನ್ ಎಷ್ಟು ಬೇಗ ಹೋಗುತ್ತದೆ ಅನ್ನೋದು ತೇವ, ಉಷ್ಣತೆ, ಮಣ್ಣಿನ ಗುಣದ ಮೇಲೆ ನಿಂತಿದೆ. ಶ್ಮೆರ್ಲಿಂಗ್ ಹಿಡಿದ ದಾರಿ ಸರಿಯಾಗಿಯೇ ಇತ್ತು, ಸಲಕರಣೆ ಇರಲಿಲ್ಲ. ಇದೇ ಆಲೋಚನೆಗೆ ರಸಾಯನಶಾಸ್ತ್ರದ ಬಲ ಬಂದಿದ್ದು ನೂರು ವರ್ಷಗಳ ಮೇಲೆ. ಮೂಳೆ ಮಣ್ಣಿನ ನೀರಿನಿಂದ ಫ್ಲೋರಿನ್ ಹೀರುತ್ತದೆ. ಒಂದೇ ಜಾಗದಲ್ಲಿ ಒಂದೇ ಕಾಲದಿಂದ ಇರುವ ಮೂಳೆಗಳಲ್ಲಿ ಅದರ ಪ್ರಮಾಣ ಹತ್ತಿರಹತ್ತಿರ ಇರಬೇಕು. 1940ರ ದಶಕದಲ್ಲಿ ಇಂಗ್ಲೆಂಡಿನ ಕೆನೆತ್ ಓಕ್ಲಿ ಈ ಪರೀಕ್ಷೆಯನ್ನು ಬಳಕೆಗೆ ತಂದರು. ಪಿಲ್ಟ್‌ಡೌನ್ ಮನುಷ್ಯ ಅಂತ ಹಳೆಯ ಬುರುಡೆಯ ಸೋಗಿನಲ್ಲಿ ನಡೆದ ದೊಡ್ಡ ಮೋಸ 1953ರಲ್ಲಿ ಬಯಲಾಗಲು ಅದೂ ಒಂದು ಕಾರಣ.

ಶ್ಮೆರ್ಲಿಂಗ್ ಬಳಿ ಇನ್ನೊಂದು ಸಾಕ್ಷಿ ಇತ್ತು. ನನ್ನ ಪ್ರಕಾರ ಎಲ್ಲದಕ್ಕಿಂತ ಗಟ್ಟಿಯಾದದ್ದು ಅದೇ. ಚಕಮಕಿ ಕಲ್ಲಿನ ಚೂಪು ಚೂರುಗಳು. ಅವರು ಹೊಕ್ಕ ಗುಹೆಗಳಲ್ಲಿ ಮನುಷ್ಯನ ಮೂಳೆ ಸಿಕ್ಕಿದ್ದು ಕೆಲವೇ ಕಡೆ. ಇಂಥ ಕಲ್ಲುಗಳು ಮಾತ್ರ ಬಹಳ ಕಡೆ ಸಿಕ್ಕವು, ಗುಹಾಕರಡಿಯ ಮೂಳೆ ಇದ್ದ ಅದೇ ಮಣ್ಣಿನಲ್ಲಿ. ಇವು ಮನುಷ್ಯನ ಕೈಯಿಂದ ಆದವು, ಬಾಣದ ಮೊನೆಗೋ ಚೂರಿಗೋ ಬಳಸಿರಬೇಕು ಅಂತ ಅವರು ಬರೆದರು. ಮನುಷ್ಯನ ಒಂದು ಮೂಳೆಯೂ ಸಿಗದಿದ್ದರೂ ಈ ಕಲ್ಲುಗಳೇ ಸಾಕಿತ್ತು ಅನ್ನೋದು ಅವರ ಮಾತು. ಹೆಣವನ್ನು ಹೂಳಬಹುದು. ಅಷ್ಟೊಂದು ಗುಹೆಗಳಲ್ಲಿ ಒಡೆದ ಚಕಮಕಿ ಚೂರುಗಳನ್ನು ಯಾರು ಯಾಕೆ ಹೂಳುತ್ತಾರೆ? ದುರದೃಷ್ಟಕ್ಕೆ ಓದಿದವರ ಕಣ್ಣು ಬುರುಡೆಗಳ ಮೇಲೇ ನೆಟ್ಟಿತ್ತು. ಕಲ್ಲಿನ ಚೂರಿಗೆ ಯಾರೂ ಬೆಲೆ ಕೊಡಲಿಲ್ಲ.

1833ರಲ್ಲಿ ಲಯಲ್ ಲಿಯೇಜ್‌ಗೆ ಬಂದರು. ಶ್ಮೆರ್ಲಿಂಗ್ ತಮ್ಮ ಸಂಗ್ರಹವನ್ನೆಲ್ಲ ತೋರಿಸಿದರು. ಲಯಲ್ ಮೂಳೆಗಳನ್ನು ಮೆಚ್ಚಿದರು, ಮನುಷ್ಯನ ಮೂಳೆ ಅಷ್ಟು ಹಳೆಯದು ಅನ್ನೋದನ್ನು ಮಾತ್ರ ನಂಬಲಿಲ್ಲ. ಭೂಮಿಗೆ ಲೆಕ್ಕವಿಲ್ಲದಷ್ಟು ವಯಸ್ಸು ಕೊಡಲು ಹೋರಾಡುತ್ತಿದ್ದ ಮನುಷ್ಯ, ಮನುಷ್ಯನಿಗೆ ಕೊಡುವಾಗ ಮಾತ್ರ ಕೈ ಬಿಗಿ ಹಿಡಿದರು. ಅದಕ್ಕೆ ಶ್ಮೆರ್ಲಿಂಗ್ ಕೊಟ್ಟ ಉತ್ತರ ಬಹಳ ಜಾಣತನದ್ದು. ಮನುಷ್ಯ ಈಚಿನ ಪ್ರಾಣಿ, ಆದ್ದರಿಂದ ಅವನ ಮೂಳೆ ಆಮೇಲೆ ಸೇರಿದ್ದು ಅಂತೀರಿ. ಸರಿ. ಇದೇ ಮಣ್ಣಿನಲ್ಲಿ ಜಿಂಕೆ, ತೋಳ, ನರಿ, ಕಾಡುಹಂದಿ, ಮೊಲ, ಮುಳ್ಳಿಲಿಗಳ ಮೂಳೆಗಳೂ ಇವೆ. ಅವೂ ಇವತ್ತಿಗೂ ಬದುಕಿರುವ ಪ್ರಾಣಿಗಳೇ. ಅವುಗಳನ್ನೂ ಅನುಮಾನಿಸುತ್ತೀರಾ?

ಲಯಲ್ ಇದಕ್ಕೆ ಏನು ಉತ್ತರ ಕೊಟ್ಟರೋ ತಿಳಿಯದು. ಈ ಮಾತು ಆಡಿದ್ದು ನಮಗೆ ಗೊತ್ತಾಗಿದ್ದೇ ಮೂವತ್ತು ವರ್ಷಗಳ ನಂತರ ಲಯಲ್ ಅವರೇ ಬರೆದಾಗ.

ಶ್ಮೆರ್ಲಿಂಗ್ ಎಲ್ಲದರಲ್ಲೂ ಸರಿ ಇದ್ದರು ಅಂತೇನಲ್ಲ. ಮೂಳೆಗಳೆಲ್ಲ ನೀರಿನಲ್ಲಿ ಕೊಚ್ಚಿಕೊಂಡು ಬಿರುಕುಗಳ ಮೂಲಕ ಗುಹೆಗೆ ಬಂದು ಬಿದ್ದವು ಅಂತ ಅವರು ನಂಬಿದ್ದರು. ಜನ ಅಲ್ಲೇ ವಾಸ ಇದ್ದರು, ಬೆಂಕಿ ಹಾಕಿದರು, ಬೇಟೆ ತಂದು ತಿಂದರು ಅನ್ನೋ ಚಿತ್ರ ಅವರ ಮನಸ್ಸಿಗೆ ಬರಲಿಲ್ಲ. ಹಾಗಾಗಿ ಒಂದು ಮಟ್ಟಿಗೆ ಅವರೂ ತಮ್ಮ ಕಾಲದ ಪ್ರಳಯದ ಯೋಚನೆಯಲ್ಲೇ ಇದ್ದವರು.

ಅವರು ಡಾಕ್ಟರಾಗಿದ್ದರಿಂದ ಆದ ಲಾಭ ಬೇರೊಂದು ಕಡೆ ಚೆನ್ನಾಗಿ ಕಾಣುತ್ತದೆ. ಅವರ ರಾಶಿಯಲ್ಲಿ ಜಾಸ್ತಿ ಇದ್ದದ್ದು ಗುಹಾಕರಡಿಯ ಮೂಳೆಗಳು. ಬೇರೆಯವರು ಚೆನ್ನಾಗಿರುವ ಮೂಳೆ ಆರಿಸಿ, ಸೊಟ್ಟಗಿರುವುದನ್ನು ಬದಿಗಿಡುತ್ತಿದ್ದರು. ಶ್ಮೆರ್ಲಿಂಗ್ ಸೊಟ್ಟ ಮೂಳೆಗಳನ್ನೇ ಹುಡುಕಿ ತೆಗೆದರು. ಮುರಿದು ಮತ್ತೆ ಕೂಡಿಕೊಂಡ ಮೂಳೆ, ಸಂಧಿವಾತದಿಂದ ಗಂಟುಗಂಟಾದ ಕೀಲು, ಕೀವು ತುಂಬಿ ಹಾಳಾದ ದವಡೆ. ಆಸ್ಪತ್ರೆಯಲ್ಲಿ ಕಂಡ ಕಾಯಿಲೆಗಳೇ ಸಾವಿರಾರು ವರ್ಷ ಹಿಂದಿನ ಕರಡಿಗಳಲ್ಲೂ ಇದ್ದವು. 1835ರಲ್ಲಿ ಅವರು ಇದರ ಬಗ್ಗೆ ಪ್ರತ್ಯೇಕವಾಗಿ ಬರೆದರು. ಹಳೆಯ ಮೂಳೆಗಳಲ್ಲಿ ರೋಗ ಪತ್ತೆ ಮಾಡುವ ಶಾಸ್ತ್ರದ ಮೊದಲ ಬರಹಗಳಲ್ಲಿ ಅದೂ ಒಂದು. ಕರಡಿಗೂ ಕೀಲುನೋವು ಬರುತ್ತದೆ ಅನ್ನೋದು ಈಗ ದೊಡ್ಡ ವಿಷಯ ಅಲ್ಲ. ಆದರೆ ರೋಗ ಅನ್ನೋದು ಇವತ್ತು ನಿನ್ನೆಯದಲ್ಲ, ಬಹಳ ಹಳೆಯದು ಅಂತ ಮೂಳೆ ಹಿಡಿದು ತೋರಿಸುವುದು ಅವತ್ತಿಗೆ ಹೊಸದು.

ಅವರ ಮುಖ್ಯ ಗ್ರಂಥ, ಚಿತ್ರಗಳ ಸಮೇತ, 1833 ಮತ್ತು 1834ರಲ್ಲಿ ಎರಡು ಸಂಪುಟಗಳಾಗಿ ಬಂತು. 1836ರಲ್ಲಿ ಶ್ಮೆರ್ಲಿಂಗ್ ತೀರಿಕೊಂಡರು. ಇನ್ನೂ ಐವತ್ತು ತುಂಬಿರಲಿಲ್ಲ. ಅವರ ಮಾತನ್ನು ಎತ್ತಿ ಹಿಡಿಯುವ ಶಿಷ್ಯರು ಇರಲಿಲ್ಲ. ಪುಸ್ತಕ ಕಪಾಟಿನಲ್ಲೇ ಉಳಿಯಿತು.

ಆಮೇಲೆ ಎರಡು ದಶಕ ಹೆಚ್ಚೇನೂ ನಡೆಯಲಿಲ್ಲ. 1856ರಲ್ಲಿ ಜರ್ಮನಿಯ ನಿಯಾಂಡರ್ ಕಣಿವೆಯ ಕ್ವಾರಿಯಲ್ಲಿ ದಪ್ಪ ಹುಬ್ಬುಮೂಳೆಯ ವಿಚಿತ್ರ ಬುರುಡೆ ಸಿಕ್ಕಿತು. 1858ರಲ್ಲಿ ಇಂಗ್ಲೆಂಡಿನ ಬ್ರಿಕ್ಸ್‌ಹ್ಯಾಮ್‌ನಲ್ಲಿ ಯಾರೂ ಮುಟ್ಟಿರದ ಒಂದು ಗುಹೆ ಬಾಯಿಬಿಟ್ಟಿತು. ಹಳೆಯ ಗುಹೆಗಳ ಬಗ್ಗೆ ಇದ್ದ ಅನುಮಾನ ಇಲ್ಲಿ ಬರಬಾರದು ಅಂತ ಪದರ ಪದರವಾಗಿ, ಪ್ರತಿ ವಸ್ತುವಿನ ಜಾಗ ಗುರುತು ಹಾಕಿ ಅಗೆದರು. ಒಡೆಯದ ಸುಣ್ಣದ ಪದರದ ಕೆಳಗೆ, ಅಳಿದ ಪ್ರಾಣಿಗಳ ಜತೆ, ಕಲ್ಲಿನ ಉಪಕರಣಗಳು ಸಿಕ್ಕವು. ಮರುವರ್ಷ ಫ್ರಾನ್ಸಿನ ಸೋಮ್ ನದಿಯ ಜಲ್ಲಿಯಲ್ಲೂ ಅದೇ ಖಚಿತವಾಯಿತು. ಗಮನಿಸಿ, ಕೊನೆಗೆ ಜಗತ್ತನ್ನು ಒಪ್ಪಿಸಿದ್ದು ಬುರುಡೆಗಳಲ್ಲ. ಚಕಮಕಿ ಕಲ್ಲುಗಳು. ಶ್ಮೆರ್ಲಿಂಗ್ ಇವೇ ಸಾಕು ಅಂದಿದ್ದರಲ್ಲ, ಅವೇ.

1860ರಲ್ಲಿ ಲಯಲ್ ಮತ್ತೆ ಲಿಯೇಜ್‌ಗೆ ಬಂದರು. ಈ ಸಲ ಅಲ್ಲಿಯ ಪ್ರೊಫೆಸರ್ ಮಲೇಜ್ ಜತೆ ಎಂಗಿಹೂಲ್ ಅನ್ನೋ ಗುಹೆಗೆ ಹೋದರು. ಅಲ್ಲೂ ಶ್ಮೆರ್ಲಿಂಗ್ ಅಗೆದಿದ್ದರು. ಮಲೇಜ್ ಅಲ್ಲಿ ಮತ್ತೆ ಅಗೆಸಿದಾಗ ಸುಣ್ಣದ ಪದರದ ಕೆಳಗೆ ಮನುಷ್ಯನ ಮೂಳೆಗಳು ಸಿಕ್ಕವು. 1863ರಲ್ಲಿ ಮನುಷ್ಯನ ಪ್ರಾಚೀನತೆಯ ಬಗ್ಗೆ ಬರೆದ ಪುಸ್ತಕದಲ್ಲಿ ಲಯಲ್ ಹಳೆಯ ಭೇಟಿಯನ್ನೂ, ತಾವು ನಂಬದೆ ಹೋಗಿದ್ದನ್ನೂ ಬಿಡದೆ ಬರೆದರು. ಹಗ್ಗ, ಕೆಸರು, ಪಂಜಿನ ವಿವರ ಬರುವುದು ಇಲ್ಲೇ. ಇಷ್ಟು ಕಷ್ಟಪಟ್ಟವನ ಸಾಕ್ಷಿಯನ್ನು ಪರೀಕ್ಷಿಸಲು ಅಷ್ಟೇ ಕಷ್ಟಪಡಬೇಕಿತ್ತು, ಯಾರೂ ಪಡಲಿಲ್ಲ ಅನ್ನೋ ಅರ್ಥದ ಮಾತು. ಮೂವತ್ತು ವರ್ಷ ತಡವಾದ ಕ್ಷಮೆ. ಕೇಳಲು ಶ್ಮೆರ್ಲಿಂಗ್ ಇರಲಿಲ್ಲ.

ಅದೇ 1863ರಲ್ಲಿ ಇಂಗ್ಲೆಂಡಿನ ಜೀವವಿಜ್ಞಾನಿ ಥಾಮಸ್ ಹೆನ್ರಿ ಹಕ್ಸ್‌ಲಿ ಎಂಗಿಸ್‌ನ ದೊಡ್ಡ ಬುರುಡೆಯನ್ನೂ ನಿಯಾಂಡರ್ ಬುರುಡೆಯನ್ನೂ ಹೋಲಿಸಿ ಬರೆದರು. ಎಂಗಿಸ್ ಬುರುಡೆ ನಮ್ಮ ನಿಮ್ಮ ಬುರುಡೆಯಂತೆಯೇ ಇದೆ, ಅದು ಒಬ್ಬ ತತ್ವಜ್ಞಾನಿಯದ್ದೂ ಆಗಿರಬಹುದು ಅಂದರು. ಅಷ್ಟು ಹಳೆಯ ಮನುಷ್ಯ ಇಷ್ಟೊಂದು ನಮ್ಮಂತೆ ಇದ್ದದ್ದು ಹೇಗೆ? ಹಕ್ಸ್‌ಲಿ ಅದನ್ನು ಹಳೆಯದು ಅಂತಲೇ ತೆಗೆದುಕೊಂಡು, ಹಾಗಾದರೆ ಮನುಷ್ಯನ ಮೂಲ ಇನ್ನೂ ಹಿಂದೆ ಇರಬೇಕು ಅಂತ ತರ್ಕ ಮಾಡಿದರು. ಮಗುವಿನ ಚೂರುಗಳು ಆ ಚರ್ಚೆಗೆ ಬರಲಿಲ್ಲ.

ಇದೇ ಹಕ್ಸ್‌ಲಿಯ ಗುಹೆ ಆಸಕ್ತಿ ನಮ್ಮ ಕಡೆಗೂ ಬಂದು ಮುಟ್ಟಿತು. ಅವರು ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯ ಅಧ್ಯಕ್ಷರಾಗಿದ್ದಾಗ, ಆಗಿನ ಕರ್ನೂಲು ಜಿಲ್ಲೆಯ ಬಿಲ್ಲ ಸುರ್ಗಂ ಗುಹೆಗಳನ್ನು ಅಗೆದು ನೋಡಬೇಕೆಂದು ಮದ್ರಾಸಿನ ಗವರ್ನರ್ ಗ್ರಾಂಟ್ ಡಫ್ ಅವರಿಗೆ ಸೂಚಿಸಿದರು. 1884ರಲ್ಲಿ ಆ ಕೆಲಸ ರಾಬರ್ಟ್ ಬ್ರೂಸ್ ಫೂಟ್ ಪಾಲಿಗೆ ಬಂತು. 1863ರಲ್ಲಿ ಮದ್ರಾಸಿನ ಪಲ್ಲಾವರಂ ಬಳಿ ಕಲ್ಲಿನ ಕೊಡಲಿ ಕಂಡುಹಿಡಿದ, ಬಳ್ಳಾರಿ ಸೀಮೆಯಲ್ಲಿ ಶಿಲಾಯುಗದ ಎಷ್ಟೋ ನೆಲೆಗಳನ್ನು ಗುರುತಿಸಿದ ಫೂಟ್ ಇವರೇ. ಬಿಲ್ಲ ಸುರ್ಗಂನಲ್ಲಿ ಮಗ ಹೆನ್ರಿ ಜತೆಗೂಡಿ ಪ್ರಾಣಿಗಳ ಮೂಳೆಗಳನ್ನು ರಾಶಿರಾಶಿಯಾಗಿ ಹೊರತೆಗೆದರು. ಇಲ್ಲೂ ಅದೇ ಹಳೆಯ ಪ್ರಶ್ನೆ ಎದುರಾಯಿತು: ಗುಹೆಯ ಯಾವ ಪದರ ಯಾವ ಕಾಲದ್ದು?

ಎಂಗಿಸ್‌ಗೆ ವಾಪಸ್ ಬರೋಣ. 1886ರಲ್ಲಿ ಬೆಲ್ಜಿಯಂನ ಸ್ಪೈ ಗುಹೆಯಲ್ಲಿ ನಿಯಾಂಡರ್ತಲ್ ಅಸ್ಥಿಪಂಜರಗಳು ಸಿಕ್ಕವು. ನಿಯಾಂಡರ್ತಲ್ ಅಂದರೆ ಆ ನಿಯಾಂಡರ್ ಕಣಿವೆಯಿಂದ ಹೆಸರು ಪಡೆದ, ಈಗ ಅಳಿದುಹೋಗಿರುವ ಒಂದು ಮನುಷ್ಯ ಕುಲ. ಈ ಅಸ್ಥಿಪಂಜರಗಳನ್ನು ಅಭ್ಯಾಸ ಮಾಡಿದವರಲ್ಲಿ ಒಬ್ಬರು ಲಿಯೇಜಿನ ಜೂಲಿಯನ್ ಫ್ರೈಪೋಂ. ಅವರ ಮಗ ಶಾರ್ಲ್ ಫ್ರೈಪೋಂ 1936ರಲ್ಲಿ ಎಂಗಿಸ್ ಮಗುವಿನ ಬುರುಡೆಯ ಚೂರುಗಳ ಅಭ್ಯಾಸ ಪ್ರಕಟಿಸಿದರು. ಅದು ನಿಯಾಂಡರ್ತಲ್ ಮಗು! ಶ್ಮೆರ್ಲಿಂಗ್ ಸತ್ತು ಸರಿಯಾಗಿ ನೂರು ವರ್ಷ ಆಗಿತ್ತು. ಹಾಗೆ ನೋಡಿದರೆ ಜಗತ್ತಿನಲ್ಲಿ ಮೊದಲು ಸಿಕ್ಕ ನಿಯಾಂಡರ್ತಲ್ ಪಳೆಯುಳಿಕೆ ನಿಯಾಂಡರ್ ಕಣಿವೆಯದ್ದಲ್ಲ, ಎಂಗಿಸ್‌ನದ್ದು. ಕಾಲು ಶತಮಾನ ಮುಂಚೆ. ಮೊದಲೇ ಗುರುತಿಸಿದ್ದರೆ ಈ ಜನಕ್ಕೆ ಹೆಸರೇ ಬೇರೆ ಬರುತ್ತಿತ್ತೋ ಏನೋ.

ಯಾಕೆ ಗುರುತಿಸಲಿಲ್ಲ? ಚೂರಾಗಿದ್ದು ಒಂದು ಕಾರಣ. ಇನ್ನೊಂದು, ಅದು ಮಗು. ನಿಯಾಂಡರ್ತಲ್ ಅಂದಕೂಡಲೇ ನೆನಪಾಗುವ ದಪ್ಪ ಹುಬ್ಬುಮೂಳೆ, ಉದ್ದನೆ ತಗ್ಗು ಬುರುಡೆ, ಮುಂದೆ ಚಾಚಿದ ಮುಖ ಪೂರ್ತಿಯಾಗಿ ಮೂಡುವುದು ದೊಡ್ಡವರಾದಾಗ. ಎಳೆಯ ವಯಸ್ಸಿನಲ್ಲಿ ಅವರ ಮಕ್ಕಳೂ ನಮ್ಮ ಮಕ್ಕಳೂ ನೋಡಲು ಹೆಚ್ಚು ಹತ್ತಿರ. ವ್ಯತ್ಯಾಸ ಹುಡುಕಬೇಕಾದರೆ ಏನನ್ನು ಹುಡುಕಬೇಕು ಅಂತ ಮೊದಲೇ ಗೊತ್ತಿರಬೇಕು. 1830ರಲ್ಲಿ ನಿಯಾಂಡರ್ತಲ್ ಅನ್ನೋ ಕಲ್ಪನೆಯೇ ಯಾರ ತಲೆಯಲ್ಲೂ ಇರಲಿಲ್ಲ.

ದೊಡ್ಡ ಬುರುಡೆಯ ಗತಿ? ಅದು ನವಶಿಲಾಯುಗದ್ದು ಅಂತ ಈಗ ತಿಳಿದಿದೆ. ಅಂದರೆ ಬೇಸಾಯ ಕಲಿತ, ದನ ಸಾಕಿದ ಜನರ ಕಾಲ. ಮ್ಯಾಮತ್‌ಗಳು ಆ ನಾಡಿನಿಂದ ಹೋಗಿ ಸಾವಿರಾರು ವರ್ಷ ಆಗಿತ್ತು. ಮ್ಯೂಸ್ ಕಣಿವೆಯಲ್ಲಿ ಆ ಜನ ಸತ್ತವರನ್ನು ಗುಹೆಗಳಲ್ಲಿ ಇಡುವುದು ಸಾಮಾನ್ಯವಾಗಿತ್ತು. ಕೆದಕಿದ ಗುರುತಿಲ್ಲ ಅಂತ ಶ್ಮೆರ್ಲಿಂಗ್ ಬರೆದದ್ದು ಸುಳ್ಳಲ್ಲ, ಪಂಜಿನ ಬೆಳಕಲ್ಲಿ ಕಾಣಲಿಲ್ಲ ಅಷ್ಟೇ. ಅದು ನಮ್ಮಂತೆಯೇ ಇದೆ ಅಂತ ಹಕ್ಸ್‌ಲಿಗೆ ಅನ್ನಿಸಿದ್ದರಲ್ಲೂ ಆಶ್ಚರ್ಯ ಇಲ್ಲ, ಅದು ನಮ್ಮವರದ್ದೇ. ಈ ಒಂದು ಬುರುಡೆಯ ಮಟ್ಟಿಗೆ ಬಕ್ಲೆಂಡ್ ಕಡೆಯವರ ಅನುಮಾನವೇ ಸರಿ. ಅವರು ತಪ್ಪಿದ್ದು, ಒಂದು ಬುರುಡೆಯ ಅನುಮಾನವನ್ನು ಅಷ್ಟೊಂದು ಗುಹೆಗಳ ಕಲ್ಲುಗಳ ಮೇಲೂ ಹೊರಿಸಿದಾಗ.

ಮಗುವಿನ ಮೂಳೆಯಿಂದ ಈಚೆಗೆ ಇನ್ನಷ್ಟು ಗೊತ್ತಾಗಿದೆ. ಹಲ್ಲು ಬೆಳೆಯುವಾಗ ದಿನಕ್ಕೊಂದು ಸೂಕ್ಷ್ಮ ಗೆರೆ ಮೂಡುತ್ತದೆ. ಹುಟ್ಟಿದ ದಿನದ ಗೆರೆ ಬೇರೆಯಾಗಿ ಕಾಣುತ್ತದೆ. ಅಲ್ಲಿಂದ ಎಣಿಸಿದರೆ ಸಾಯುವಾಗಿನ ವಯಸ್ಸು ಸಿಗುತ್ತದೆ. ಹಲ್ಲನ್ನು ಕತ್ತರಿಸದೆ, ಫ್ರಾನ್ಸಿನ ಗ್ರೆನೋಬಲ್‌ನ ಸಿಂಕ್ರೊಟ್ರಾನ್ ಯಂತ್ರದ ಶಕ್ತಿಶಾಲಿ ಎಕ್ಸ್-ರೇ ಹಾಯಿಸಿ ಇದನ್ನು ಮಾಡಿದರು. 2010ರಲ್ಲಿ ಬಂದ ಫಲಿತಾಂಶದ ಪ್ರಕಾರ ಮಗುವಿಗೆ ಮೂರು ವರ್ಷ. ಅದಕ್ಕೂ ಮುಂಚೆ ಹಲ್ಲಿನ ಬೆಳವಣಿಗೆಯನ್ನು ನಮ್ಮ ಮಕ್ಕಳಿಗೆ ಹೋಲಿಸಿ ನಾಲ್ಕೈದು ವರ್ಷ ಅಂತ ಅಂದಾಜು ಮಾಡಿದ್ದರು. ಅಂದರೆ ನಿಯಾಂಡರ್ತಲ್ ಮಕ್ಕಳ ಹಲ್ಲು ನಮ್ಮ ಮಕ್ಕಳಿಗಿಂತ ಬೇಗ ಬೆಳೆಯುತ್ತಿದ್ದವು.

ಮಗು ಬದುಕಿದ್ದ ಕಾಲ ಯಾವುದು ಅಂತ ಹೇಳುವುದು ಮಾತ್ರ ಇನ್ನೂ ಕಷ್ಟದ ಕೆಲಸವಾಗಿತ್ತು. ಕಾರ್ಬನ್-14 ಅಂದರೆ ಜೀವಿ ಸತ್ತ ಮೇಲೆ ಮೂಳೆಯಲ್ಲಿ ಗೊತ್ತಾದ ವೇಗದಲ್ಲಿ ಕಮ್ಮಿಯಾಗುತ್ತ ಹೋಗುವ ಒಂದು ಬಗೆಯ ಕಾರ್ಬನ್. ಎಷ್ಟು ಉಳಿದಿದೆ ಅಂತ ಅಳೆದು ವಯಸ್ಸು ಹೇಳಬಹುದು. ಆದರೆ 40,000 ವರ್ಷದ ಮೂಳೆಯಲ್ಲಿ ಮೊದಲಿದ್ದ ಕಾರ್ಬನ್-14ರಲ್ಲಿ ನೂರಕ್ಕೆ ಒಂದು ಪಾಲೂ ಉಳಿದಿರುವುದಿಲ್ಲ. ಅದಕ್ಕೆ ನೂರಕ್ಕೆ ಒಂದರಷ್ಟು ಇವತ್ತಿನ ಕಾರ್ಬನ್ ಸೇರಿಕೊಂಡರೆ ಸಾಕು, ಲೆಕ್ಕದಲ್ಲಿ ಮೂಳೆ ಸುಮಾರು 7,000 ವರ್ಷ ಚಿಕ್ಕದಾಗಿಬಿಡುತ್ತದೆ. ಮ್ಯೂಸಿಯಂನ ಮೂಳೆಗಳಿಗೆ ಇದು ದೊಡ್ಡ ತಲೆನೋವು. ಹಿಂದಿನವರು ಒಡೆದದ್ದನ್ನು ಜೋಡಿಸಲು ಅಂಟು ಹಚ್ಚಿರುತ್ತಾರೆ. ಆ ಅಂಟನ್ನು ಮಾಡುತ್ತಿದ್ದುದು ದನದ ಮೂಳೆ ಚರ್ಮಗಳಿಂದ, ಅದೂ ಕೊಲಾಜೆನ್ನೇ. ಸ್ಪೈ ಗುಹೆಯ ಒಂದು ಭುಜದ ಮೂಳೆಯಲ್ಲಿ ಹಸುವಿನ ಡಿಎನ್ಎ ಸಿಕ್ಕಿತು!

2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಂಗಿಸ್, ಸ್ಪೈ ಮತ್ತು ಫೋಂ-ದ-ಫೊರೆ ಗುಹೆಗಳ ಮೂಳೆಗಳ ಕಾಲವನ್ನು ಮತ್ತೆ ಅಳೆದರು. ಈ ಸಲ ಇಡೀ ಕೊಲಾಜೆನ್ ಬದಲು ಅದರೊಳಗಿನ ಹೈಡ್ರಾಕ್ಸಿಪ್ರೊಲಿನ್ ಅನ್ನೋ ಒಂದೇ ಅಮೈನೋ ಆಮ್ಲವನ್ನು ಬೇರ್ಪಡಿಸಿ, ಅದನ್ನು ಮಾತ್ರ ಅಳೆದರು. ಹೀಗೆ ಮಾಡಿದರೆ ಬಹಳಷ್ಟು ಕಲಬೆರಕೆ ಕಳಚಿಹೋಗುತ್ತದೆ. ಸ್ಪೈ ಮೂಳೆಗಳಿಗೆ ಹಿಂದೆ ಬಂದಿದ್ದ ಚಿಕ್ಕ ವಯಸ್ಸುಗಳು ತಪ್ಪು ಅಂತ ತಿಳಿಯಿತು. ಆ ಭಾಗದಿಂದ ನಿಯಾಂಡರ್ತಲ್ ಜನ ಕಣ್ಮರೆಯಾದದ್ದು ಇಂದಿಗೆ 44,200ರಿಂದ 40,600 ವರ್ಷಗಳ ಹಿಂದೆ ಅನ್ನೋದು ಈಗಿನ ಲೆಕ್ಕ. ಶ್ಮೆರ್ಲಿಂಗ್ ಕೈಯಲ್ಲಿ ಚೂರಾದ ಆ ಬುರುಡೆ ಲಿಯೇಜ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿದೆ. ವಿಜ್ಞಾನಿಗಳ ಪಟ್ಟಿಯಲ್ಲಿ ಅದಕ್ಕೆ ಎಂಗಿಸ್ 2 ಅಂತ ಹೆಸರು. ಎಂಗಿಸ್ 1 ಅನ್ನೋ ಹೆಸರು ಈಗಲೂ ಆ ಬೇಸಾಯಗಾರನ ಬುರುಡೆಗೇ ಇದೆ.